ಟ್ರೇವಾನ್ ಮಾರ್ಟಿನ್ ಪ್ರಕರಣ: ಖುಲಾಸೆ ಆಗಿದ್ದು ಯಾವ ಕಾನೂನಿನಿಂದ?

‘ಸ್ಟ್ಯಾಂಡ್ ಯುವರ್ ಗ್ರೌಂಡ್ ಕಾನೂನು (ದಾಳಿಯಾದಾಗ ಹಿಂದೆ ಸರಿಯದೆ ಎದುರಿಸಲು ಬಿಡುವ ಕಾನೂನು) ಇದ್ದದ್ದಕ್ಕೇ ಜಾರ್ಜ್ ಜಿಮ್ಮರ್‌ಮನ್ ಕೊಲೆ ಕೇಸಿನಿಂದ ಬಚಾವಾದ’ ಎಂಬ ಮಾತು ಈಗಲೂ ಓಡಾಡುತ್ತಿದೆ. ‘ಆ ಕಾನೂನಿಗೂ ಕೇಸಿಗೂ ಸಂಬಂಧವೇ ಇಲ್ಲ’ ಎಂದು ವಾದಿಸುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

2012ರ ಫೆಬ್ರವರಿ 26ರಂದು ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ, ಬಡಾವಣೆಯ ಕಾವಲು ಸ್ವಯಂಸೇವಕನಾಗಿದ್ದ ಜಿಮ್ಮರ್‌ಮನ್ 17 ವರ್ಷದ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್‌ನನ್ನು ಗುಂಡು ಹೊಡೆದು ಕೊಂದ. ಹುಡುಗನ ಬಳಿ ಇದ್ದದ್ದು ಒಂದು ಪೊಟ್ಟಣ ಮಿಠಾಯಿ, ಒಂದು ಕ್ಯಾನ್ ಹಣ್ಣಿನ ಪಾನೀಯ.

ಫ್ಲಾರಿಡಾದ 2005ರ ಆ ಕಾನೂನಿನ ಪ್ರಕಾರ ವಿಚಾರಣೆಗೆ ಮೊದಲೇ ನ್ಯಾಯಾಧೀಶರ ಮುಂದೆ ಮೊಕದ್ದಮೆಯಿಂದಲೇ ರಕ್ಷಣೆ ಕೇಳಬಹುದಿತ್ತು. ಜಿಮ್ಮರ್‌ಮನ್ ವಕೀಲರು ಕೇಳಲಿಲ್ಲ. ‘ಹುಡುಗ ಮೇಲೆ ಬಿದ್ದು ಜಿಮ್ಮರ್‌ಮನ್ ತಲೆಯನ್ನು ಕಾಂಕ್ರೀಟಿಗೆ ಬಡಿಯುತ್ತಿದ್ದ, ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ’ ಎಂದರು. ಅದು ಆ ಕಾನೂನಿಗೂ ಮೊದಲೇ ಇದ್ದ ಆತ್ಮರಕ್ಷಣೆಯ ವಾದ.

ಆದರೆ ಜ್ಯೂರಿಗೆ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರಿಗೆ, ಕೊಟ್ಟ ಸೂಚನೆಯನ್ನು ನೋಡಿ: ಕಾನೂನುಬಾಹಿರ ಕೆಲಸದಲ್ಲಿ ತೊಡಗಿರದ ವ್ಯಕ್ತಿ, ತನಗೆ ಇರುವ ಹಕ್ಕಿರುವ ಜಾಗದಲ್ಲಿ ದಾಳಿಗೊಳಗಾದರೆ ಹಿಂದೆ ಸರಿಯಬೇಕಿಲ್ಲ ಎಂದಿತ್ತು. ಇದು ಆ ಕಾನೂನಿನದೇ ಮಾತು. ಮೊದಲ 44 ದಿನ ಆರೋಪ ಹೊರಿಸದೇ ಇದ್ದಾಗ ಪೊಲೀಸರು ತೋರಿಸಿದ ಕಾರಣವೂ ಇದೇ ಕಾನೂನು. ಹಾಗಾಗಿ ಸಂಬಂಧವೇ ಇಲ್ಲ ಅನ್ನುವುದು ಸುಮ್ನೆ ಮಾತು.

ಇನ್ನೊಂದು: ಹುಡುಗನನ್ನು ನೋಡಿ ಜಿಮ್ಮರ್‌ಮನ್ ಪೊಲೀಸರಿಗೆ ಫೋನ್ ಮಾಡಿದಾಗ ‘ಹಿಂಬಾಲಿಸಬೇಡ ಎಂದು ಪೊಲೀಸರು ಆಜ್ಞೆ ಮಾಡಿದ್ದರು’ ಎನ್ನುತ್ತಾರೆ. ಫೋನ್ ತೆಗೆದುಕೊಂಡಾತ ಹೇಳಿದ್ದು ‘ನೀವು ಹಾಗೆ ಮಾಡುವ ಅಗತ್ಯ ಇಲ್ಲ’ ಎಂದಷ್ಟೇ, ಅದು ಆಜ್ಞೆಯಾಗಿರಲಿಲ್ಲ. ಆದರೂ ಕಾವಲು ಸ್ವಯಂಸೇವಕರಿಗೆ ಪೊಲೀಸರು ಹೇಳಿಕೊಟ್ಟಿದ್ದು, ನೋಡಿ, ತಿಳಿಸಿ, ಹಿಂದೆ ಹೋಗಬೇಡಿ ಅಂತಲೇ ಅಲ್ವಾ? ನನಗೆ ಜಾಸ್ತಿ ನೋವು ಕೊಡುವುದು ಅದು.