ಕೇಬಲ್ಲಿಗೆ ಮಣೆ, ಅತಿಥಿಗೆ ಚಾಪೆ

ಒಂದು ಹಾಡನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಪೂರ್ತಿ ಕೇಳುವ ಆಸೆ ನಿಮಗಿದ್ದರೆ ನನ್ನ ಷಡ್ಡಕರ ಮನೆಗೆ ಮಾತ್ರ ಹೋಗಬೇಡಿ. ಎದೆಮಟ್ಟದ ಎರಡು ಸ್ಪೀಕರ್, ಎತ್ತಲು ಇಬ್ಬರು ಬೇಕಾಗುವ ಆಂಪ್ಲಿಫೈಯರ್, ಟರ್ನ್‌ಟೇಬಲ್, ಗೋಡೆ ತುಂಬ ಎಲ್‌ಪಿ, ಎಲ್ಲ ಇವೆ. ಹಾಡು ಮುಗಿಯುವುದೊಂದು ಇಲ್ಲ.

ಮೊನ್ನೆ ಭಾನುವಾರ ಊಟಕ್ಕೆ ಕರೆದರು. ಊಟಕ್ಕೆ ಕರೆದರೆಂದರೆ ಹೊಸದೇನೋ ತಂದಿದ್ದಾರೆ ಎಂದೇ ಲೆಕ್ಕ. ನನ್ನ ಹೆಂಡತಿಗೂ ಅದು ಗೊತ್ತು, ಆದರೂ "ಅಕ್ಕನ ಮುಖ ನೋಡಿಯಾದ್ರೂ ಬನ್ನಿ ರೀ" ಎಂದಳು. ಈ ಸಲ ಕೇಬಲ್. ಹೆಬ್ಬೆರಳಿನಷ್ಟು ದಪ್ಪ. ಅದು ನೆಲಕ್ಕೆ ತಾಗಬಾರದಂತೆ, ತಾಗಿದರೆ ಸ್ವರ ಮಂಕಾಗುತ್ತದಂತೆ. ಬಡಗಿಯ ಹತ್ತಿರ ಪುಟ್ಟ ಪುಟ್ಟ ಮರದ ಮಣೆ ಮಾಡಿಸಿ, ಗೇಣಿಗೊಂದರಂತೆ ಜೋಡಿಸಿ, ಅದರ ಮೇಲೆ ಕೇಬಲ್ಲನ್ನು ಮಲಗಿಸಿದ್ದರು. ಡೈನಿಂಗ್ ಟೇಬಲ್ ಧ್ವನಿಗೆ ಅಡ್ಡವೆಂದು ಬಾಲ್ಕನಿಗೆ ಗಡೀಪಾರಾಗಿತ್ತು. ನಮಗೆ ಚಾಪೆ.

ಹಾಲ್‌ನಲ್ಲಿ ಇರುವುದು ಒಂದೇ ಕುರ್ಚಿ. ಎರಡು ಸ್ಪೀಕರಿಗೂ ಸಮದೂರ, ತ್ರಿಕೋನದ ಮೂರನೇ ಮೂಲೆ. ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಟೇಪಿನ ಗುರುತು. ಒಬ್ಬೊಬ್ಬರೇ ಕೂತು ಕೇಳಬೇಕು. ಉಳಿದವರು ಕಣ್ಣಿನ ಡಾಕ್ಟರ ಹತ್ತಿರ ಡ್ರಾಪ್ಸ್ ಹಾಕಿಸಿಕೊಂಡವರಂತೆ ಗೋಡೆಗೊರಗಿ ಸರದಿ ಕಾಯಬೇಕು. ಆ ಹೊತ್ತಿನಲ್ಲಿ ಫ್ಯಾನ್ ಇಲ್ಲ, ಮಿಕ್ಸಿ ಇಲ್ಲ, ಕುಕ್ಕರ್ ಕೂಗುವ ಹಾಗಿಲ್ಲ.

ನನ್ನ ಸರದಿ ಬಂತು. ವೀಣೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು. ಮೀಟಿದ ತಂತಿ ಮೊಳದ ದೂರದಲ್ಲೇ ಅದುರಿದಂತಾಯಿತು. ಕಣ್ಣು ಮುಚ್ಚಿ ಇನ್ನೇನು ಒಳಗಿಳಿಯಬೇಕು, ಭುಜದ ಮೇಲೆ ಕೈ ಬಿತ್ತು.

"ಈಗ ಬರುತ್ತೆ, ಈಗ ಬರುತ್ತೆ... ಬಂತಾ?"

"ಏನು ಬಂತು?"

"ಅಯ್ಯೋ, ವೈಣಿಕರು ಉಸಿರೆಳೆದದ್ದು ರೀ!"

ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟರು. ಮತ್ತೆ ವೀಣೆ, ಮತ್ತೆ "ಈಗ ಬರುತ್ತೆ". ಬರಲಿಲ್ಲ. ವಾಲ್ಯೂಮ್ ಏರಿತು. ಹೊಟ್ಟೆ ಹಸಿದಿತ್ತು, "ಬಂತು, ಬಂತು" ಎಂದೆ. ಅದೇ ತಪ್ಪಾಯಿತು ನೋಡಿ, ಅವರ ಹುರುಪು ಇಮ್ಮಡಿಸಿತು. ಎಡಮೂಲೆಯಲ್ಲಿ ಯಾರೋ ಕೂತ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿದರು. ಬಲಗಡೆ ತಾಳ ಹಾಕುವ ಕೈಯ ಬಳೆ ಕೇಳಿಸಿದರು. ಸಭೆಯಲ್ಲಿ ಕೆಮ್ಮಿದವರು ಎಷ್ಟನೇ ಸಾಲಿನವರೆಂದು ನಾನು ಊಹಿಸಬೇಕಿತ್ತು. ಕಛೇರಿಯಲ್ಲಿ ಸಂಗೀತವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೇಳಿಸಿತು.

ಅಷ್ಟರಲ್ಲಿ ಮೂರನೇ ಮಹಡಿಯ ಮಹಾಶಯರು ಬಂದರು. ಅವರದು ವಾಲ್ವ್ ಸೆಟ್ಟು, ಗಾಜಿನ ಬುರುಡೆಗಳ ಹಳೇ ನಮೂನೆಯ ಆಂಪ್ಲಿಫೈಯರ್. ಕುರ್ಚಿಯಲ್ಲಿ ಕೂತು, ತಲೆ ಓರೆ ಮಾಡಿ, "ಪರವಾಗಿಲ್ಲ" ಎಂದರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೂ ಅಷ್ಟು ಕ್ರೂರವಾಗಿ ಆ ಮಾತು ಆಡುವುದಿಲ್ಲ. ಷಡ್ಡಕರ ಮುಖ ಸಣ್ಣಗಾಯಿತು. ಬೆನ್ನಿಗೇ ವಾಟ್‌ಗಳ ಯುದ್ಧ. ಇವರದು 100, ಇನ್ನು 200ಕ್ಕೆ ಹೋಗದೆ ವಿಧಿಯಿಲ್ಲವಂತೆ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಮೂರೇ ಡೆಸಿಬೆಲ್, ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಹತ್ತುಪಟ್ಟು ವಾಟ್ ಬೇಕು. ಇದನ್ನು ನನಗೆ ಹೇಳಿಕೊಟ್ಟವರೂ ಷಡ್ಡಕರೇ! ಅವರ ಟ್ವೀಟರ್, ಅಂದರೆ ಕೀರಲು ಸ್ವರಕ್ಕೆಂದೇ ಇರುವ ಪುಟ್ಟ ಸ್ಪೀಕರ್, 40 ಸಾವಿರ ಹರ್ಟ್ಜ್‌ವರೆಗೆ ನುಡಿಯುತ್ತದೆ. ಮನುಷ್ಯನ ಕಿವಿಗೆ 20 ಸಾವಿರವೇ ಗಡಿ, ಅದೂ ಎಳೆಯ ಕಿವಿಗೆ. ಷಡ್ಡಕರಿಗೆ ಬರುವ ವರ್ಷ ನಿವೃತ್ತಿ. ಈ ವಯಸ್ಸಿನಲ್ಲಿ 12 ಸಾವಿರ ಕೇಳಿಸಿದರೆ ಪುಣ್ಯ. ಮಿಕ್ಕದ್ದೆಲ್ಲ ಪಾರ್ಕಿನ ಆಲದ ಮರದ ಬಾವಲಿಗಳಿಗೆ.

1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಸ್ವಂತ ರೇಡಿಯೋ ಕೇಂದ್ರ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರ್ 30 ವಾಟಿನದು. ಅಷ್ಟರಲ್ಲೇ ಒಂದು ಊರು ಸಂಗೀತ ಕೇಳಿತು. (ಟ್ರಾನ್ಸ್‌ಮಿಟರಿನ ವಾಟೇ ಬೇರೆ, ಆಂಪ್ಲಿಫೈಯರಿನ ವಾಟೇ ಬೇರೆ ಎಂದು ಷಡ್ಡಕರು ತಿದ್ದುತ್ತಾರೆ, ಗೊತ್ತು. ತಿದ್ದಲಿ.)

ಜಗಳ ತಣ್ಣಗಾಗಲೆಂದು ನಾನೇ ಬಾಯಿ ಹಾಕಿದೆ. "ಅಂದ ಹಾಗೆ, ಇದು ಯಾವ ರಾಗ?"

ಇಬ್ಬರೂ ನನ್ನನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಷಡ್ಡಕರು ಎಲ್‌ಪಿಯ ಹೊದಿಕೆ ಹುಡುಕತೊಡಗಿದರು. ಮೂರನೇ ಮಹಡಿಯವರು ಕನ್ನಡಕ ಒರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಚಟ್ನಿ ಜಾರ್ ಹಿಡಿದು ಅರ್ಧ ಗಂಟೆಯಿಂದ ನಿಂತಿದ್ದ ನನ್ನ ಹೆಂಡತಿಯ ಅಕ್ಕ ಹೇಳಿದರು:

"ಆಭೋಗಿ. ಮಿಕ್ಸಿ ಹಾಕ್ಲಾ ಈಗ?"

ನಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಒಂದು ಟೂ-ಇನ್-ಒನ್ ಇತ್ತು, ರೇಡಿಯೋ ಕ್ಯಾಸೆಟ್ ಎರಡೂ ಒಂದರಲ್ಲೇ. ಅದರ ಸ್ಪೀಕರಿನ ಕಾಗದ ಹರಿದಾಗ ಅಪ್ಪ ಹಳೇ ಪೋಸ್ಟ್ ಕಾರ್ಡ್ ಕತ್ತರಿಸಿ ಮೈದಾ ಗೋಂದಿನಲ್ಲಿ ಅಂಟಿಸಿದ್ದರು. ಅಂದಿನಿಂದ ಮೃದಂಗದ ಎಡಗಡೆಯ ತೊಪ್ಪಿಗೆ ಪೆಟ್ಟು ಬಿದ್ದಾಗಲೆಲ್ಲ ಒಂದು "ಜರ್ರ್". ನಾವು ಐದೂ ಜನ ಹಾಸಿಗೆಯಲ್ಲಿ ಎಲ್ಲೆಲ್ಲೋ ಉರುಳಿಕೊಂಡೇ ಕೇಳುತ್ತಿದ್ದೆವು, ಯಾರೂ ತ್ರಿಕೋನ ಹಾಕಿಕೊಂಡಿರಲಿಲ್ಲ. ಅಪ್ಪನಂತೂ ಮಧ್ಯದಲ್ಲೇ ಗೊರಕೆ ಹೊಡೆಯುತ್ತಿದ್ದರು. ಆ ಕ್ಯಾಸೆಟ್ಟಿನ ಕಛೇರಿ ಈಗ ಫೋನಿನಲ್ಲಿ ಸ್ವಚ್ಛವಾಗಿ ಸಿಗುತ್ತದೆ. ಜರ್ರ್ ಬರಬೇಕಾದಲ್ಲಿ ಬರುವುದಿಲ್ಲ, ನನಗೆ ತಾಳ ತಪ್ಪಿದಂತಾಗುತ್ತದೆ.

ನಿನ್ನೆ ರಾತ್ರಿ ಷಡ್ಡಕರ ಫೋನು. "ನೋಡ್ರೀ, 200 ವಾಟ್ ಬುಕ್ ಮಾಡಿಬಿಟ್ಟೆ. ಹಳೇದನ್ನ ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ. ನಿಮಗಾದ್ರೆ ಅರ್ಧ ಬೆಲೆ." ಅವರ ಅರ್ಧ ಬೆಲೆಗೆ ನಮ್ಮ ಮನೆಯ ಟಿವಿ, ಫ್ರಿಜ್ಜು, ವಾಷಿಂಗ್ ಮಷೀನು ಮೂರೂ ಬಂದು ಚಿಲ್ಲರೆ ಉಳಿಯುತ್ತದೆ. ಕಾಲು ಬೆಲೆಗೆ ಕೇಳಿದ್ದೇನೆ. ಸದ್ಯ ಮಾತುಕತೆ ಅಕ್ಕ-ತಂಗಿಯರ ಮಟ್ಟದಲ್ಲಿ ನಡೆಯುತ್ತಿದೆ. ಅಕ್ಕನ ಕಡೆಯಿಂದ ಬಂದಿರುವ ಷರತ್ತು ಒಂದೇ: ದುಡ್ಡು ಎಷ್ಟಾದರೂ ಕೊಡಿ, ಕೊಡದಿದ್ದರೂ ಸರಿ, ಜೊತೆಗೆ ಆ ಸ್ಪೀಕರುಗಳನ್ನೂ ಹೊತ್ತುಕೊಂಡು ಹೋಗಬೇಕು.