ಅನರ್ಹರಿಗೆ ಯುದ್ಧಖಾತೆ

1759ರ ಆಗಸ್ಟ್ 1ರಂದು ಜರ್ಮನಿಯ ಮಿಂಡೆನ್ ಬಯಲಿನಲ್ಲಿ ಫ್ರೆಂಚರ ಸಾಲು ಮುರಿದು ಬೀಳುತ್ತಿದ್ದ ಹೊತ್ತಿನಲ್ಲಿ, ಬ್ರಿಟಿಷ್ ಅಶ್ವದಳದ ಮುಂದಿದ್ದ ಲೆಫ್ಟಿನೆಂಟ್ ಜನರಲ್ ಲಾರ್ಡ್ ಜಾರ್ಜ್ ಸ್ಯಾಕ್‌ವಿಲ್ ಅವರು ಗಾಢವಾದ ಆಲೋಚನೆಯಲ್ಲಿ ಮುಳುಗಿದ್ದರು. ಇಡೀ ಅಶ್ವದಳ ಮುನ್ನುಗ್ಗಬೇಕೆಂದು ಬ್ರಿಟಿಷ್-ಜರ್ಮನ್ ಮಿತ್ರಪಡೆಯ ಸರ್ವಸೇನಾಪತಿ ಬ್ರನ್ಸ್‌ವಿಕ್ಕಿನ ಫರ್ಡಿನೆಂಡನ ಕಡೆಯಿಂದ ಒಬ್ಬ ಸವಾರ ಬಂದು ಹೇಳಿದ. ಬ್ರಿಟಿಷ್ ಅಶ್ವದಳ ಮಾತ್ರ ಸಾಕೆಂದು ಇನ್ನೊಬ್ಬ ಬಂದು ಹೇಳಿದ. ಯಾವುದನ್ನು ನಂಬಿದರೂ ತಾವು ಹೊರಡಲೇಬೇಕಿತ್ತು ಎಂಬುದು ಲಾರ್ಡ್ ಸಾಹೇಬರಿಗೆ ಹೊಳೆಯಲಿಲ್ಲವೋ, ಹೊಳೆದೂ ರುಚಿಸಲಿಲ್ಲವೋ, ಅಂತೂ ಅವರು ವಿವರಣೆ ಕೇಳಲು ಫರ್ಡಿನೆಂಡನ ಬಳಿಗೇ ಹೋದರು. ಅಷ್ಟರಲ್ಲಿ ಮುಂದೆ ಹೊರಟಿದ್ದ ಉಪನಾಯಕ ಗ್ರ್ಯಾನ್‌ಬಿಯನ್ನೂ ಅವರು ತಡೆದಿದ್ದರು. ಫ್ರೆಂಚರು ಸಾವಕಾಶವಾಗಿ ಹಿಂದೆ ಸರಿದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಆಜ್ಞೆಯೇ ಡೊಂಕು ಎಂದರು. ತಮ್ಮ ಹೆಸರು ತೊಳೆದುಕೊಳ್ಳಲು ತಾವೇ ಕೇಳಿ ಪಡೆದ ಸೈನಿಕ ನ್ಯಾಯಾಲಯವು 1760ರಲ್ಲಿ, ಅರಸರ ಸೇವೆಗೆ ಯಾವುದೇ ಸೈನಿಕ ಹುದ್ದೆಯಲ್ಲಿ ಈತ ಅನರ್ಹನೆಂದು ತೀರ್ಪಿತ್ತಿತು. ಅರಸ ಎರಡನೆಯ ಜಾರ್ಜ್ ಅಷ್ಟಕ್ಕೇ ಬಿಡದೆ, ಮಾನವುಳ್ಳವನಿಗೆ ಇದು ಮರಣಕ್ಕಿಂತ ಘೋರವಾದ ಶಿಕ್ಷೆ, ಎಷ್ಟೇ ದೊಡ್ಡ ಕುಲವಾಗಲಿ ಹುದ್ದೆಯಾಗಲಿ ಇಂಥ ಅಪರಾಧಕ್ಕೆ ಆಸರೆಯಾಗದು ಎಂಬ ಮಾತನ್ನು ತೀರ್ಪಿನೊಡನೆ ಸೇರಿಸಿ ಪಡೆಗಳಲ್ಲೆಲ್ಲ ಸಾರಿಸಿದ. ಅಪರಾಧಿ ಡಾರ್ಸೆಟ್‌ನ ಡ್ಯೂಕರ ಮಗ.

ಅದೇ ವರ್ಷ ಅರಸ ತೀರಿಕೊಂಡ. ತೀರ್ಪಿನ ಆಯುಷ್ಯವೂ ಹೆಚ್ಚೇನಿರಲಿಲ್ಲ. 1765ರಲ್ಲಿ ಅರಸರ ಸಲಹಾಮಂಡಲಿಯಾದ ಪ್ರಿವಿ ಕೌನ್ಸಿಲ್ ಲಾರ್ಡ್ ಸಾಹೇಬರಿಗೆ ಮತ್ತೆ ಬಾಗಿಲು ತೆರೆಯಿತು. 1770ರಲ್ಲಿ ಆಸ್ತಿಯೊಂದರ ಜೊತೆಗೆ ಜರ್ಮೇನ್ ಎಂಬ ಹೊಸ ಹೆಸರೂ ದೊರಕಿತು. ಮಿಂಡೆನ್ನಿನ ಧೂಳು ಮೆತ್ತಿದ್ದ ಹಳೆಯ ಹೆಸರಿಗೆ ಇದಕ್ಕಿಂತ ಸುಲಭವಾದ ಮಡಿ ಇನ್ನಾವುದಿದ್ದೀತು? 1775ರಲ್ಲಿ ಅಮೆರಿಕದ ವಸಾಹತುಗಳು ಬಂಡೆದ್ದಾಗ, ಅಟ್ಲಾಂಟಿಕ್ಕಿನ ಆಚೆಯ ಆ ಯುದ್ಧವನ್ನು ಲಂಡನ್ನಿನ ಮೇಜಿನಿಂದ ನಡೆಸಲು ಒಬ್ಬ ಮಂತ್ರಿ ಬೇಕಾದ. ಒಂದು ಅಶ್ವದಳವನ್ನು ಹೊರಡಿಸಲಾಗದವರಿಗೆ ಇಡೀ ಯುದ್ಧವನ್ನೇ ಒಪ್ಪಿಸಲಾಯಿತು.

ಅರ್ಥವಾಗದ ಆಜ್ಞೆಗಳಿಂದ ಹಿಂದೊಮ್ಮೆ ನೊಂದಿದ್ದ ಈ ಮಹನೀಯರು ಈಗ ಆಜ್ಞೆ ಹೊರಡಿಸುವ ಸ್ಥಾನದಲ್ಲಿದ್ದರು. 1777ರಲ್ಲಿ ಬ್ರಿಟಿಷ್ ಸೇನಾನಿ ಬರ್ಗಾಯ್ನ್ ಕೆನಡಾದಿಂದ ಆಲ್ಬನಿಯ ಕಡೆಗೆ ಇಳಿಯುವ ಯೋಜನೆಗೂ ಒಪ್ಪಿಗೆ ಕೊಟ್ಟರು, ಇನ್ನೊಬ್ಬ ಸೇನಾನಿ ಹೌ ಫಿಲಡೆಲ್ಫಿಯಾಕ್ಕೆ ಹೋಗುವ ಯೋಜನೆಗೂ ಒಪ್ಪಿಗೆ ಕೊಟ್ಟರು. ಬರ್ಗಾಯ್ನ್‌ಗೆ ನೆರವಾಗುವ ಬದಲು ಹೌ ಹಡಗು ಹತ್ತಿ ತನ್ನ ದಾರಿ ಹಿಡಿದ. ಬರ್ಗಾಯ್ನ್ ಅಕ್ಟೋಬರ್ 17ರಂದು ಸರಟೋಗಾದಲ್ಲಿ ತನ್ನ ಸೈನ್ಯದೊಡನೆ ಶರಣಾದ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸನೂ ಶರಣಾದ ಸುದ್ದಿಯನ್ನು ಪ್ರಧಾನಿ ನಾರ್ತ್ ಅವರಿಗೆ ಮುಟ್ಟಿಸಿದವರೂ ಜರ್ಮೇನರೇ.

ಇಂಥ ಸೇವೆಗೆ ಬಹುಮಾನ ಕೊಡದಿರುವುದುಂಟೇ? 1782ರಲ್ಲಿ ಅವರನ್ನು ವೈಕೌಂಟ್ ಸ್ಯಾಕ್‌ವಿಲ್ ಆಗಿ ಮಾಡಿ ಮೇಲ್ಮನೆಗೆ ಏರಿಸಲಾಯಿತು. ಇಂಥ ತೀರ್ಪು ಹೊತ್ತವರು ಒಳಬಂದರೆ ಸಭೆಯ ಗೌರವಕ್ಕೆ ಕುಂದು ಎಂದು ಸದಸ್ಯ ಕಾರ್ಮಾರ್ಥನ್ ತಕರಾರು ತೆಗೆದಾಗ ಹೊಸ ವೈಕೌಂಟರು ಈ ಸಲ ಯಾರ ವಿವರಣೆಗೂ ಕಾಯಲಿಲ್ಲ. ತಮ್ಮನ್ನು ಪ್ರಿವಿ ಕೌನ್ಸಿಲ್ಲಿಗೆ ಮರಳಿ ಕರೆದ ಮೇಲೆ ಆ ತೀರ್ಪು ರದ್ದಾದಂತೆಯೇ ಎಂದು ವಾದಿಸಿದರು. ಸಭೆ ತಕರಾರನ್ನು ತಳ್ಳಿಹಾಕಿತು, ವೈಕೌಂಟರು ತಮ್ಮ ಆಸನದಲ್ಲಿ ಉಳಿದರು.