ರಾಯಚೂರಿನ ಬಿಸಿಲಿಗೆ ಈ ಸಿರಪ್ ತಡೆಯುತ್ತಾ?

ದಿನಕ್ಕೊಂದೇ ಸಲ ಕುಡಿಸಿದರೆ ದಿನವಿಡೀ ನಿಧಾನವಾಗಿ ಔಷಧ ಬಿಡುವ ಸಿರಪ್ ಬಗ್ಗೆ ನಿಮ್ಮ ಲೇಖನ ಓದಿದೆ. ಅಂಥದ್ದು ಬಂದರೆ ಮಾತ್ರೆ ನುಂಗಲಾಗದವರಿಗೆ ದೊಡ್ಡ ಅನುಕೂಲ, ನಿಜ. ಆದರೆ ‘ಔಷಧದ ಕಣಕ್ಕೆ ಲೇಪನ ಇರುವುದರಿಂದ ಬಾಟಲಿಯಲ್ಲಿ ಕರಗುವುದಿಲ್ಲ’ ಎಂದು ಲೇಖನದಲ್ಲಿ ಸುಮ್ನೆ ಹೇಳಿಬಿಟ್ಟಿದ್ದೀರಿ. ಮಾತ್ರೆ ಒಣಗಿರುತ್ತದೆ. ಇಲ್ಲಿ ಕಣಗಳು ತಿಂಗಳುಗಟ್ಟಲೆ ನೀರಿನಲ್ಲೇ ಮುಳುಗಿರುತ್ತವೆ, ಬಿಸಿ ಏರಿದಷ್ಟೂ ಔಷಧ ಲೇಪನ ದಾಟಿ ನೀರಿಗೆ ಸೋರುವುದು ಜಾಸ್ತಿ. ರಾಯಚೂರಿನಲ್ಲಿ ನನ್ನದು ಔಷಧದ ಅಂಗಡಿ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಸಿರಪ್‌ಗಳ ಲೇಬಲ್ ನೋಡಿದರೆ ಸಾಮಾನ್ಯವಾಗಿ ‘30 ಡಿಗ್ರಿಗಿಂತ ಕಡಿಮೆ ಇರುವಲ್ಲಿ ಇಡಿ’! ದಿನವಿಡೀ ನಿಧಾನವಾಗಿ ಸೇರಬೇಕಾದ ಔಷಧ ಒಮ್ಮೆಲೇ ಮೈಗೆ ಹತ್ತಿದರೆ ಮಗುವಿಗೆ ಅಪಾಯ ಅಲ್ವಾ? ಔಷಧವನ್ನು ರೆಸಿನ್ (ಔಷಧವನ್ನು ಹಿಡಿದಿಡುವ, ನೀರಿನಲ್ಲಿ ಕರಗದ ಪದಾರ್ಥ) ಕಣಕ್ಕೆ ಅಂಟಿಸಿ, ಮೇಲೆ ನೀರಿನಲ್ಲಿ ಕರಗದ ಈಥೈಲ್ ಸೆಲ್ಯುಲೋಸ್ ಲೇಪಿಸುವ ದಾರಿ ಇದಕ್ಕಿಂತ ಮೇಲು. ಹೊಟ್ಟೆಯ ಆಮ್ಲ, ಲವಣ ತಾಗಿದ ಮೇಲೆಯೇ ಅದು ಔಷಧ ಬಿಡುತ್ತದೆ. 12 ಗಂಟೆ ಕೆಲಸ ಮಾಡುವ ಡೆಕ್ಸ್‌ಟ್ರೊಮೆಥಾರ್ಫಾನ್ ಕೆಮ್ಮಿನ ಔಷಧ ಹೀಗೇ ತಯಾರಾಗುತ್ತದೆ. ಅದನ್ನೂ ಬರೆಯಬೇಕಿತ್ತು.